ಆರಿದ್ರೆಯ ಬಳೆ

ನಮ್ಮ ಊರಿನಲ್ಲಿ ಚಳಿಗಾಲದಲ್ಲಿ ಯಾರಾದರೂ ಪಕ್ಕದ ಮನೆಗೆ ಹೋಗಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೆ ಅವರು ಊರಿಗೆ ಹೊಸಬರು ಎಂದೇ ಅರ್ಥ. ನಮಗೆ ಹೆಪ್ಪು ಬೇಕಿಲ್ಲ. ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಗಡಿಗೆಗೆ ಹೊಯ್ದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮಾಳಿಗೆಯ ಮೇಲೆ ಸಿಂಬೆಯಲ್ಲಿ ಕೂರಿಸಿ ಬರುತ್ತೇವೆ. ಅಷ್ಟು ಹೊತ್ತಿಗೆ ಮೂಡಲಲ್ಲಿ ಚುಕ್ಕಿಗಳ ಬೇಟೆಗಾರ ಎದ್ದಿರುತ್ತಾನೆ. ಎರಡು ಹೆಗಲು, ನಡುವಿನಲ್ಲಿ ಉಡಿದಾರದ ಮೂರು ಚುಕ್ಕಿ, ಎರಡು ಕಾಲು, ಮುಂದಕ್ಕೆ ಚಾಚಿದ ಬಿಲ್ಲು. ಊರಿನ ಒಂದೊಂದು ಮನೆಗೆ ಅವನ ಮೈಮೇಲಿನ ಒಂದೊಂದು ಚುಕ್ಕಿ. ಬೆಳಗಾಗುವಷ್ಟರಲ್ಲಿ ಅವರವರ ಚುಕ್ಕಿ ಅವರವರ ಹಾಲನ್ನು ಮೊಸರು ಮಾಡಿರುತ್ತದೆ. ಬಿಲ್ಲಿನ ಚುಕ್ಕಿಯವರ ಮೊಸರು ಸ್ವಲ್ಪ ತೆಳು, ಉಡಿದಾರದವರದು ಹದ. ಬಾಡಿಗೆಗೆ ಬಂದವರಿಗೆ ಉಡಿದಾರದ ಕೆಳಗಿರುವ ಹೊಗೆಯಂಥ ಬೆಳಕು. ಅವರ ಮೊಸರನ್ನು ಲೋಟದಲ್ಲಿ ಕುಡಿಯಬೇಕು. ಮೋಡ ಮುಚ್ಚಿದರೆ ಮರುದಿನ ಊರಿಗೆ ಊರೇ ಸಾರನ್ನದಲ್ಲಿ ಊಟ ಮುಗಿಸುತ್ತದೆ. ಬೇಸಿಗೆಯಲ್ಲಿ ಬೇಟೆಗಾರ ಇರುವುದಿಲ್ಲ, ಆಗ ನಾವೂ ಎಲ್ಲರಂತೆ ಹೆಪ್ಪು ಹಾಕುತ್ತೇವೆ, ಎಲ್ಲರ ಮೊಸರೂ ಒಂದೇ ಥರ ಇರುತ್ತದೆ. ಬೇಸಿಗೆಯಲ್ಲಿ ನಮ್ಮೂರಲ್ಲಿ ಜಗಳ ಕಡಿಮೆ.

ಈ ಚುಕ್ಕಿಗಳಲ್ಲೆಲ್ಲ ಹೆಸರಾದದ್ದು ಬಲಹೆಗಲಿನ ಕೆಂಪು ಚುಕ್ಕಿ, ಆರಿದ್ರೆ. ಅದು ನಮ್ಮ ಮನೆಯದು. ಆರಿದ್ರೆಯ ಮೊಸರನ್ನು ಸೌಟಿನಿಂದ ತೆಗೆಯುವಂತಿಲ್ಲ, ಕೊಯ್ಯಬೇಕು. ಮೇಲಿನ ಕೆನೆ ತುಸು ಕೆಂಪಗೆ, ಈಗಷ್ಟೇ ಅರಿಸಿನ ಕುಂಕುಮ ಮುಟ್ಟಿದ ಬೆರಳಿನಿಂದ ಯಾರೋ ಸವರಿದ ಹಾಗೆ ಇರುತ್ತದೆ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಮದುಮಕ್ಕಳ ಎಲೆಗೆ ಮೊದಲ ಮೊಸರು ಬಡಿಸುವವಳು ಆರಿದ್ರೆಯವಳು. ಬಾಣಂತಿಯ ಮೊದಲ ತುತ್ತಿಗೆ, ಹಸುಗೂಸಿನ ಅನ್ನಪ್ರಾಶನಕ್ಕೆ ಜನ ಬಟ್ಟಲು ಹಿಡಿದು ಅವಳ ಬಾಗಿಲಿಗೆ ಬರುತ್ತಾರೆ. ಅವಳು ಬಂದ ಮೇಲೆ ಚಪ್ಪರದಲ್ಲಿ ಕೂತವರು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರೆ. ಆ ಸರಿಯುವುದಿದೆಯಲ್ಲ, ಅದನ್ನು ನಾನು ಇಪ್ಪತ್ತೊಂದು ವರ್ಷ ಅತ್ತೆಯ ಹಿಂದೆ ನಿಂತು ನೋಡಿದ್ದೇನೆ.

ನನ್ನ ಹೆಸರು ದೇವೀರಮ್ಮ. ಚೆನ್ನಾಜಮ್ಮನವರ ಹಿರಿಸೊಸೆ. ಇಪ್ಪತ್ತನೆಯ ವಯಸ್ಸಿಗೆ ಈ ಮನೆಗೆ ಬಂದೆ. ಅತ್ತೆಯ ಮಂಡಿ ಹಿಡಿದುಕೊಂಡ ಮೇಲೆ ಗಡಿಗೆಯನ್ನು ಮಾಳಿಗೆಗೆ ಹೊತ್ತವಳು ನಾನು, ಇಳಿಸಿದವಳು ನಾನು, ಗಡಿಗೆಯನ್ನು ಹುಣಸೆ ಹುಳಿ ಹಾಕಿ ಉಜ್ಜಿ ಬಿಸಿಲಿಗಿಟ್ಟವಳು ನಾನು. ಓರಗಿತ್ತಿ ಸರ್ವಮಂಗಳ ಬಂದದ್ದು ಹದಿನೈದು ವರ್ಷ ತಡವಾಗಿ. ಅವಳು ಬಂದಾಗ ಹಾಲು ಉಕ್ಕಿಸಿಬಿಟ್ಟು ಒಲೆಯ ಮುಂದೆ ಕಣ್ಣು ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಬೈದರೆ ನಗುತ್ತಿದ್ದಳು. ನಗುವವರನ್ನು ಬೈಯುವುದು ಎಷ್ಟು ಕಷ್ಟ ಎಂದು ಬೈದವರಿಗೇ ಗೊತ್ತು. ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಆಗ ಅವಳನ್ನು ನೋಡಿಕೊಂಡವಳೂ ನಾನೇ. ಇದನ್ನು ಹೇಳುತ್ತಿರುವುದು ನಾನು ಹುಟ್ಟಾ ಕೆಟ್ಟವಳಲ್ಲ ಎಂದು ನಿಮಗೆ ತಿಳಿಯಲಿ ಎಂದು, ಯಾಕೆಂದರೆ ಮುಂದಿನದನ್ನು ಕೇಳಿದರೆ ನಿಮಗೆ ಅನುಮಾನ ಬರುತ್ತದೆ.

ಚುಕ್ಕಿ ಕೊಡುವ ಪದ್ಧತಿ ಹೀಗೆ. ಒಂದೊಂದು ಚುಕ್ಕಿಗೆ ಒಂದೊಂದು ಹಿತ್ತಾಳೆಯ ಬಳೆ, ಒಂದೊಂದರ ಕೆತ್ತನೆ ಒಂದೊಂದು ಥರ. ಎಳ್ಳಮಾವಾಸ್ಯೆಯ ಸಂಜೆ, ಚಂದ್ರನಿಲ್ಲದ ಆಕಾಶದ ಕೆಳಗೆ, ಚುಕ್ಕಿಯ ಒಡತಿ ತನ್ನ ಬಳೆ ತೆಗೆದು ಎತ್ತಿ ಹಿಡಿಯುತ್ತಾಳೆ. ತೆಗೆದುಕೊಳ್ಳುವವಳು ಆ ಬಳೆಯ ಒಳಗಿನಿಂದ ಚುಕ್ಕಿಯನ್ನು ನೋಡಬೇಕು. ನೋಡಿದ ಮೇಲೆ ಬಳೆ ಅವಳ ಕೈಗೆ, ಚುಕ್ಕಿ ಅವಳ ಗಡಿಗೆಗೆ. ಗಡಿಗೆಯ ಬಟ್ಟೆಯ ಮೇಲೆ ಬಳೆ ಇಟ್ಟರೆ ಸಾಕು, ಚುಕ್ಕಿಗೆ ದಾರಿ ಗೊತ್ತಾಗುತ್ತದೆ. ಕೊಡುವಾಗ ಕೊಡುವವಳು ಮಾತಾಡಬಾರದು, ತೆಗೆದುಕೊಂಡವಳು ಯಾಕೆ ಎಂದು ಕೇಳಬಾರದು. ಮನೆಯ ಚುಕ್ಕಿ ಸೊಸೆಗೆ, ತವರಿನಿಂದ ತಂದ ಚುಕ್ಕಿ ಮಗಳಿಗೆ. ಅತ್ತೆಯ ಹತ್ತಿರ ಎರಡೂ ಇದ್ದವು. ತವರಿನಿಂದ ಅವರು ಬೇಟೆಗಾರನ ಕಾಲಿನ ಬಿಳಿ ಚುಕ್ಕಿಯನ್ನು ತಂದಿದ್ದರು. ನಾವು ಅದನ್ನು ಕಾಲುಂಗುರ ಎನ್ನುತ್ತೇವೆ. ಅವರಿಗೆ ಮಗಳಿರಲಿಲ್ಲ. ಒಂದು ಹೆಣ್ಣು ಕೂಸು ಹುಟ್ಟಿ ಐದು ತಿಂಗಳಿಗೆ ಹೋಯಿತಂತೆ. ಆ ಬಳೆ ಅವರ ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಕೊಂಡು ಬಿದ್ದಿತ್ತು.

ಆ ವರ್ಷ ಎಳ್ಳಮಾವಾಸ್ಯೆಯ ದಿನ ಅತ್ತೆ ಇಬ್ಬರನ್ನೂ ಮಾಳಿಗೆಗೆ ಕರೆದರು. ಅವರನ್ನು ಮೆಟ್ಟಿಲು ಹತ್ತಿಸಲು ನಾನೊಂದು ತೋಳು ಹಿಡಿದಿದ್ದೆ, ಮಂಗಳ ಒಂದು ತೋಳು. ನಾನು ಹೊಸ ಸೀರೆ ಉಟ್ಟಿದ್ದೆ. ಮಂಗಳ ಅಡುಗೆ ಮನೆಯ ಮಸಿ ಸೆರಗಿನಲ್ಲೇ ಬಂದಿದ್ದಳು, ಅವಳಿಗೆ ಏನು ಗೊತ್ತಿತ್ತು. ಅತ್ತೆ ಮೊದಲು ಆರಿದ್ರೆಯ ಬಳೆ ತೆಗೆದರು. ನಾನು ಮುಂದೆ ಹೆಜ್ಜೆ ಇಟ್ಟೆ. ಅವರು ನನ್ನನ್ನು ದಾಟಿ, ಮಂಗಳನ ಗಲ್ಲ ಹಿಡಿದು ಮುಖ ಎತ್ತಿ, ಅವಳ ಕಣ್ಣಿನ ನೇರಕ್ಕೆ ಬಳೆ ಹಿಡಿದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನಗೆ ಬಾಯಿಯ ತನಕ ಬಂದಿತ್ತು. ಆಮೇಲೆ ಅವರು ಸೊಂಟದ ಗಂಟಿನಿಂದ ಕಾಲುಂಗುರದ ಬಳೆ ಬಿಚ್ಚಿ ನನಗೆ ತೋರಿಸಿದರು. ನಾನು ಅದರೊಳಗಿನಿಂದ ನೋಡಿದೆನೋ ಇಲ್ಲವೋ ನೆನಪಿಲ್ಲ, ಕಣ್ಣು ತುಂಬಿತ್ತು. ಅತ್ತೆ ನನ್ನ ಕೈಗೆ ಬಳೆ ತೊಡಿಸಿ ಕೈಯನ್ನು ಬಹಳ ಹೊತ್ತು ಬಿಡದೆ ಹಿಡಿದುಕೊಂಡಿದ್ದರು. ಮೆಟ್ಟಿಲು ಇಳಿಯಲು ಆಸರೆಗೆ ಹಿಡಿದಿದ್ದಾರೆ ಎಂದುಕೊಂಡೆ. ಹೆಗಲನ್ನು ಅವಳಿಗೆ ಕೊಟ್ಟು ಕಾಲನ್ನು ನನಗೆ ಕೊಟ್ಟರಲ್ಲ, ಮಗಳಿಲ್ಲದ್ದಕ್ಕೆ ಮಿಕ್ಕಿದ್ದನ್ನು ನನ್ನ ತಲೆಗೆ ಕಟ್ಟಿದರಲ್ಲ ಎಂದು ಆ ರಾತ್ರಿಯೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನನ್ನ ಗಂಡ ಶಿವರುದ್ರ, ಮೊಸರು ಮೊಸರೇ ಬಿಡೇ ಎಂದರು. ಗಂಡಸರಿಗೆ ಎಲೆಯ ಮೇಲೆ ಬೆಳ್ಳಗಿನದೊಂದು ಬಿದ್ದರಾಯಿತು.

ಹೊಟ್ಟೆಕಿಚ್ಚು ಎನ್ನುವುದು ಒಳ್ಳೆಯ ಹೆಸರು. ಕಿಚ್ಚೇ ಅದು. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಬಟ್ಟಲು ಹಿಡಿದವರು. ದೇವೀರಮ್ಮ, ಮಂಗಳ ಎದ್ದಿದ್ದಾಳಾ ಎಂದು ನನ್ನನ್ನೇ ಕೇಳುವವರು. ಮಂಗಳ ಮೊಸರು ಕೊಯ್ಯುವಾಗ ಅವಳ ಮಣಿಕಟ್ಟಿನಲ್ಲಿ ಆ ಬಳೆ ಜಾರಿ ಜಾರಿ ಬೀಳುವುದನ್ನು ನೋಡಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅವಳು ನಡೆದರೆ ತಪ್ಪು, ಕೂತರೆ ತಪ್ಪು. ಅವಳ ಕೂದಲು ನನ್ನದಕ್ಕಿಂತ ದಟ್ಟ ಎಂದು ಆರು ವರ್ಷ ಗಮನಿಸದವಳು ಆಗ ಗಮನಿಸಿದೆ. ನನ್ನ ಗಡಿಗೆಯಲ್ಲಿ ಕಾಲುಂಗುರದ ಮೊಸರು ಮಲ್ಲಿಗೆ ಹೂವಿನ ಹಾಗೆ ಬೆಳ್ಳಗೆ, ಒಂದು ದಿನವೂ ಹುಳಿಯಾಗದೆ, ಒಂದು ದಿನವೂ ಹದ ತಪ್ಪದೆ ಕೂರುತ್ತಿತ್ತು. ನಾನು ಅದನ್ನು ರುಚಿ ಕೂಡ ನೋಡದೆ ಕಡೆದು ಮಜ್ಜಿಗೆ ಮಾಡಿಬಿಡುತ್ತಿದ್ದೆ. ಅತ್ತೆಗೆ ಕೆಮ್ಮು, ಚಳಿಗಾಲದಲ್ಲಿ ಮೊಸರು ಮುಟ್ಟಬಾರದು ಎಂದು ಪಂಡಿತರು ಹೇಳಿದ್ದರು. ಹಾಗಾಗಿ ಯಾರ ಗಡಿಗೆಯಲ್ಲಿ ಏನಾಗುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಇದರ ಮೇಲೆ ನನ್ನ ಮಗಳು ಚಂಪಾಳ ಮದುವೆ ಮಾಘಕ್ಕೆ ಗೊತ್ತಾಯಿತು. ಹೆತ್ತವಳು ನಾನು, ಮಗಳ ಎಲೆಗೆ ಮೊದಲ ಮೊಸರು ಬಡಿಸುವವಳು ಮಂಗಳ. ಚಪ್ಪರದಲ್ಲಿ ಜನ ಅವಳಿಗೆ ಸರಿದು ಜಾಗ ಬಿಡುತ್ತಾರೆ, ನಾನು ಸಾರಿನ ಬಕೆಟ್ಟು ಹಿಡಿದು ಕಂಬಕ್ಕೆ ಆನಿಕೊಂಡು ನೋಡಬೇಕು. ಎದುರು ಮನೆಯ ಸಿದ್ದಕ್ಕ ಬೇಕೆಂದೇ ನನ್ನ ಹತ್ತಿರ ಬಂದು, ಹೆಣ್ಣಿನ ತಾಯಿ ಇರುವಾಗ ಚಿಕ್ಕಮ್ಮ ಬಡಿಸುವುದು ಚೆನ್ನಾಗಿರುತ್ತದೆಯೇ ಎಂದು ಕೇಳಿ, ನನ್ನ ಮುಖ ನೋಡಿ, ತೃಪ್ತಿಯಾಗಿ ಹೋದಳು.

ಓರಗಿತ್ತಿಯರು ಬೇಕಾದರೆ ಬಳೆ ಬದಲಾಯಿಸಿಕೊಳ್ಳಬಹುದು, ಅದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ, ಅಮಾವಾಸ್ಯೆಯೂ ಬೇಕಿಲ್ಲ, ಮಾತಾಡಬಾರದೆಂಬ ಕಟ್ಟೂ ಇಲ್ಲ. ಆದರೆ ಒಂದೇ ಸಲ. ಬದಲಾದದ್ದು ಮತ್ತೆ ತಿರುಗುವುದಿಲ್ಲ. ಮಂಗಳ ಆಗ ಮೂರನೆಯ ಸಲ ಬಸಿರಾಗಿದ್ದಳು, ಮೂರು ತಿಂಗಳು. ಹೆಜ್ಜೆ ಇಡುವುದಕ್ಕೂ ಹೆದರುತ್ತಿದ್ದಳು. ಒಂದು ಸಂಜೆ ಮಾಳಿಗೆಯ ಮೇಲೆ ಅವಳು ಗಡಿಗೆಗೆ ಬಟ್ಟೆ ಕಟ್ಟುತ್ತಿದ್ದಾಗ ನಾನು ಪಕ್ಕದಲ್ಲಿ ಕೂತೆ. ಬೇಟೆಗಾರ ಆಗತಾನೆ ಮಗ್ಗುಲಾಗಿ ಏಳುತ್ತಿದ್ದ. ಆರಿದ್ರೆ ಕೆಂಡದ ಹಾಗೆ ಮೇಲೆ ಬಂದಿತ್ತು.

"ಮಂಗಳ, ಹೇಳಬಾರದು ಅಂತಿದ್ದೆ," ಎಂದೆ. "ಕೆಂಪು ಚುಕ್ಕಿ ಬಸಿರಿಗೆ ಉಷ್ಣ ಕಣೇ. ಅತ್ತೆಯ ಹೆಣ್ಣುಕೂಸು ಯಾಕೆ ಉಳೀಲಿಲ್ಲ ಅಂತ ತಿಳಿದಿದ್ದೀಯ?"

ಅಷ್ಟೇ ಹೇಳಿದ್ದು. ಇಂಥ ಮಾತು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ, ಆ ಗಳಿಗೆಯಲ್ಲಿ ನನ್ನ ಬಾಯಲ್ಲೇ ಹುಟ್ಟಿತು. ಮಂಗಳನ ಕೈ ಬಟ್ಟೆಯ ಗಂಟಿನ ಮೇಲೆ ನಿಂತುಹೋಯಿತು. ಬಳೆ ಬಿಚ್ಚಿ ನನ್ನ ಕಡೆ ಹಿಡಿದಳು. "ನಂಗಂತೂ ಮೊದಲಿಂದ್ಲೂ ಇದು ನಿಮಗೇ ಸೇರಬೇಕು ಅನ್ನಿಸ್ತಿತ್ತು ಅಕ್ಕ. ಕೇಳೋ ಹಂಗಿಲ್ಲ ಅಂತ ಸುಮ್ನಿದ್ದೆ," ಎಂದಳು. ನಾನು ಅವಳ ಬಳೆಯೊಳಗಿನಿಂದ ಆರಿದ್ರೆಯನ್ನು ನೋಡಿದೆ, ಅವಳು ನನ್ನದರೊಳಗಿನಿಂದ ಕಾಲುಂಗುರವನ್ನು ನೋಡಿದಳು. ಎಷ್ಟು ಬೆಳ್ಳಗಿದೆ ಅಕ್ಕ ಎಂದಳು. ಅತ್ತೆಗೆ ಈಗಲೇ ಹೇಳುವುದು ಬೇಡ, ಮದುವೆಯ ದಿನ ತಾನಾಗಿ ತಿಳಿಯಲಿ ಎಂದು ನಾನು ಅವಳಿಗೆ ಹೇಳಿದೆ. ಎಲ್ಲರ ಎದುರು ಗಡಿಗೆ ಹಿಡಿದು ನಡೆದು ಬಂದರೆ ಯಾರೇನು ಮಾಡಿಯಾರು ಎಂಬ ಧೈರ್ಯ. ಅಲ್ಲಿಯ ತನಕ ಇಬ್ಬರ ಬಳೆಯೂ ಸೆರಗಿನ ಮರೆಯಲ್ಲಿ, ಒಳಗೆ ಬಟ್ಟಲು ತುಂಬುವವಳು ನಾನು, ಬಾಗಿಲಲ್ಲಿ ಕೊಡುವವಳು ಅವಳು.

ಮೊದಲ ನಾಲ್ಕು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಬೆಳಿಗ್ಗೆ ಬಟ್ಟೆ ಬಿಚ್ಚಿ ಕೆಂಪು ಕೆನೆಯನ್ನು ನೋಡುತ್ತ ಕೂರುತ್ತಿದ್ದೆ. ಐದನೆಯ ದಿನ ಕೆನೆಯ ಕೆಂಪು ಸ್ವಲ್ಪ ಕಡಿಮೆ ಅನ್ನಿಸಿತು. ಒಂದು ವಾರಕ್ಕೆ ಮೊಸರು ಕೊಯ್ಯಲು ಬರಲಿಲ್ಲ, ಸೌಟು ಬೇಕಾಯಿತು. ಹಾಲು ನೀರಾಗಿದೆ ಎಂದು ಹಾಲಿನ ಮೇಲೆ ತಪ್ಪು ಹೊರಿಸಿದೆ, ಗಡಿಗೆ ಸರಿಯಿಲ್ಲ ಎಂದು ಗಡಿಗೆ ಬದಲಾಯಿಸಿದೆ. ಆಮೇಲೆ ಒಂದು ಸಂಜೆ ತಲೆ ಎತ್ತಿ ನೋಡಿದೆ. ಆರಿದ್ರೆ ಮಂಕಾಗಿತ್ತು. ಮೋಡವಿಲ್ಲ, ಮಂಜಿಲ್ಲ. ಎಡಹೆಗಲಿನ ಚುಕ್ಕಿ ಅದಕ್ಕಿಂತ ಚುರುಕಾಗಿ ಉರಿಯುತ್ತಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಊದುವುದನ್ನು ಬಿಟ್ಟ ಒಲೆಯ ಕೆಂಡ ಹೇಗೆ ಮೇಲೆ ಬೂದಿ ಹೊದ್ದುಕೊಳ್ಳುತ್ತದೋ ಹಾಗಿತ್ತು ಅದು.

ನಮ್ಮೂರಿನಲ್ಲಿ ಚುಕ್ಕಿಯನ್ನು ಗಮನಿಸದವರು ಯಾರಿದ್ದಾರೆ. ಮೂರೇ ದಿನದಲ್ಲಿ ಮಾತು ಹಬ್ಬಿತು. ಆರಿದ್ರೆಗೆ ಏನಾಯಿತು ಎಂದರೆ, ಮಂಗಳನ ಕೈಗೆ ಬಂದ ಮೇಲೆ ಹೀಗಾಯಿತು. ಚೆನ್ನಾಜಮ್ಮನವರ ಕೈಯಲ್ಲಿ ಹೇಗಿತ್ತು! ಎರಡು ಬಸಿರು ಉಳಿಸಿಕೊಳ್ಳದವಳು ಚುಕ್ಕಿ ಉಳಿಸಿಕೊಳ್ಳುತ್ತಾಳೆಯೇ ಎಂದು ಸಿದ್ದಕ್ಕ ಬಾವಿಕಟ್ಟೆಯಲ್ಲಿ ಅಂದಳಂತೆ. ನನ್ನ ಎದುರಿಗೂ ಆಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆರಗಿನೊಳಗೆ ಕೈ ಎಳೆದುಕೊಂಡು ಬಳೆ ಮುಚ್ಚಿಕೊಂಡೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬಟ್ಟಲು ಹಿಡಿದು ಬರುವವರು ಕಡಿಮೆಯಾದರು. ಬಂದವರೂ ಮಂಗಳನ ಹೊಟ್ಟೆಯನ್ನು ಓರೆಗಣ್ಣಿನಲ್ಲಿ ನೋಡಿ ಹೋಗುತ್ತಿದ್ದರು. ಅವಳು ಒಂದು ದಿನವೂ ಬಾಗಿಲಲ್ಲಿ ನಿಂತು, ಆ ಚುಕ್ಕಿ ಈಗ ನನ್ನದಲ್ಲ ಎಂದು ಹೇಳಲಿಲ್ಲ. ಯಾಕೆ ಹೇಳುವುದಿಲ್ಲ ಎಂದು ನನಗೆ ಅದಕ್ಕೂ ಸಿಟ್ಟು. ಅವಳು ಹೇಳಿಬಿಟ್ಟಿದ್ದರೆ ಅವಳನ್ನು ದ್ವೇಷಿಸಲು ನನಗೊಂದು ನೆವವಾದರೂ ಇರುತ್ತಿತ್ತು.

ಮದುವೆಯ ಹಿಂದಿನ ಸಂಜೆ ಆರಿದ್ರೆಯನ್ನು ಹುಡುಕಿ ನೋಡಬೇಕಾಯಿತು. ಎರಡು ಎಮ್ಮೆಯ ಗಟ್ಟಿ ಹಾಲನ್ನೇ ಕಾಯಿಸಿ ಹೊಯ್ದಿದ್ದೆ, ಬಳೆಯನ್ನು ಮೂರು ಸಲ ಒರೆಸಿ ಇಟ್ಟಿದ್ದೆ. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಹಾಲು ಹಾಲಾಗಿಯೇ ಇತ್ತು. ಅಂಚಿನಲ್ಲಿ ಒಂದೆರಡು ಕಡೆ ಎಳೆ ಎಳೆಯಾಗಿ ಒಡೆದ ಹಾಗೆ ಕೂತಿತ್ತು, ಅಷ್ಟೆ. ಹೊರಗೆ ಚಪ್ಪರದಲ್ಲಿ ಎಲೆ ಹಾಕುತ್ತಿದ್ದರು. ಮದುಮಗಳ ಎಲೆಗೆ ಹೆತ್ತ ತಾಯಿ ಬರೀ ಹಾಲು ಹೊಯ್ದಳು ಎಂದು ಜನ ಮೂರು ತಲೆಮಾರು ಆಡಿಕೊಳ್ಳುವುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು. ಉಗ್ರಾಣದ ಮೂಲೆಯಲ್ಲಿ ಗಡಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ.

ಮಂಗಳ ಬಂದು ನೋಡಿದಳು. ಹೋಗಿ ತನ್ನ ಗಡಿಗೆ ತಂದು ನನ್ನ ಮುಂದಿಟ್ಟಳು. ಬಟ್ಟೆ ಬಿಚ್ಚಿದರೆ ಕಾಲುಂಗುರದ ಮೊಸರು, ಬೆಳ್ಳಗೆ, ಗಟ್ಟಿಯಾಗಿ, ಒಂದು ಗೀರೂ ಇಲ್ಲದೆ ಕೂತಿತ್ತು. "ಇದನ್ನೇ ತಗೊಂಡೋಗಿ ಬಡಿಸಿ ಅಕ್ಕ. ಚಂಪಾ ಕಾಯ್ತಾಳೆ," ಎಂದಳು. ಬೇಡ ಎನ್ನಬಹುದಿತ್ತು. ನೀನೇ ಬಡಿಸು ಎನ್ನಬಹುದಿತ್ತು. ನಾನು ಆ ಗಡಿಗೆಯ ಕೊರಳಿಗೆ ಆರಿದ್ರೆಯ ಬಳೆಯನ್ನು ದಾರದಲ್ಲಿ ಕಟ್ಟಿ, ಎತ್ತಿಕೊಂಡು ಹೊರಗೆ ನಡೆದೆ.

ಜನ ಸರಿದರು. ಹೌದು, ಸರಿದರು. ಆರಿದ್ರೆಯ ಬಳೆ ದೇವೀರಮ್ಮನ ಗಡಿಗೆಯಲ್ಲಿದೆ ಎಂದು ಪಿಸುಮಾತು ಎದ್ದದ್ದು ಕೇಳಿಸಿತು. ಸಿದ್ದಕ್ಕ ಬಾಯಿ ತೆರೆದದ್ದು ಕಾಣಿಸಿತು. ಇಪ್ಪತ್ತೊಂದು ವರ್ಷದಿಂದ ಕಾದಿದ್ದ ಗಳಿಗೆ ಅದು, ಅದರ ಸುಖ ನನಗೆ ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮಗಳ ಎಲೆಗೆ ಬಡಿಸಿದೆ, ಅಳಿಯನ ಎಲೆಗೆ ಬಡಿಸಿದೆ. ಆಮೇಲೆ ಪಂಕ್ತಿಯ ತಲೆಯಲ್ಲಿ ಕೂತಿದ್ದ ಅತ್ತೆಯ ಎಲೆಗೆ. ಮೊಮ್ಮಗಳ ಮದುವೆ, ಪಂಡಿತರ ಮಾತನ್ನು ಒಂದು ದಿನ ಮೀರಿದರೆ ಏನು ಎಂದು ಅವರು ನಕ್ಕು ಎಲೆ ತೋರಿಸಿದರು. ಗಡಿಗೆಯ ಕೊರಳಿನ ಬಳೆಯನ್ನು ಕಂಡು ಅವರ ಹುಬ್ಬು ಮೇಲಕ್ಕೆ ಹೋಯಿತು. ಬೆರಳ ತುದಿಯಲ್ಲಿ ಸ್ವಲ್ಪ ಮೊಸರು ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಅವರ ಕೈ ಎಲೆಯ ಮೇಲೆ ಹಾಗೇ ನಿಂತಿತು.

"ಇದು ಯಾವ ಚುಕ್ಕಿದು?" ಎಂದರು.

"ಆರಿದ್ರೆದು, ಅತ್ತೆ," ಎಂದೆ.

ಅವರು ಇನ್ನೊಂದು ಸಲ ನಾಲಿಗೆಗೆ ಹಚ್ಚಿಕೊಂಡರು. ಎಪ್ಪತ್ತರ ಹೆಂಗಸಿನ ಕಣ್ಣಲ್ಲಿ ನೀರು ಬಂತು. "ಇದು ನನ್ನ ಅವ್ವನ ಮನೆ ಮೊಸರು," ಎಂದರು. "ನಿನಗೆ ಕೊಟ್ಟಿದ್ದೆನಲ್ಲೇ. ಇದಕ್ಕೆ ಆ ಬಳೆ ಯಾಕೆ ಕಟ್ಟಿದ್ದೀಯ?"

ಪಂಕ್ತಿಯಲ್ಲಿ ನಾಲ್ಕು ಎಲೆ ಆಚೆಯವರೂ ತಲೆ ಎತ್ತಿ ಗಡಿಗೆಯ ಕಡೆ ನೋಡಿದರು. ನಾನು ಬಳೆಯ ದಾರ ಹಿಡಿದುಕೊಂಡೆ. ಆಗ ಹಿಂದಿನಿಂದ ಮಂಗಳನ ದನಿ ಬಂತು. ನಾನೇ ಕೇಳಿ ಬದಲಾಯಿಸಿಕೊಂಡೆ ಅತ್ತೆ, ಕೆಂಪು ಚುಕ್ಕಿ ಬಸಿರಿಗೆ ಉಷ್ಣವೇನೋ ಎಂದು ನನಗೇ ಹೆದರಿಕೆಯಾಯಿತು, ಅಕ್ಕ ಬೇಡ ಅಂದರೂ ನಾನೇ ಹಟ ಮಾಡಿದೆ ಎಂದಳು. ನಗುತ್ತಲೇ ಹೇಳಿದಳು. ನನ್ನನ್ನು ಉಳಿಸಲು ಎಲ್ಲರ ಎದುರು ಅವಳು ಸುಳ್ಳು ಹೇಳುತ್ತಿದ್ದಾಗ ನನಗೆ ಏನನ್ನಿಸಿತು ಗೊತ್ತೇ? ಒಳ್ಳೆಯವಳೂ ಇವಳೇ ಆಗಬೇಕೇ ಎಂದು ಹೊಟ್ಟೆ ಉರಿಯಿತು. ಅತ್ತೆ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಆಮೇಲೆ ತಲೆ ಬಗ್ಗಿಸಿ, ಎಲೆಯಲ್ಲಿದ್ದ ಮೊಸರನ್ನೆಲ್ಲ ಒಂದು ಚೂರೂ ಬಿಡದೆ ಉಂಡರು.

ಚಂಪಾಳನ್ನು ಕಳಿಸಿಕೊಟ್ಟ ಮೇಲೆ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು, ಉಸಿರು ಸರಿಮಾಡಿಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಆರಿದ್ರೆ ಮನೇದು ಕಣೇ. ಈ ಮನೆಗೆ ಬಂದೋಳು ಯಾರಾದ್ರೂ ಒಬ್ಬಳು ಹೊರಬೇಕು, ಹೊರೋಳು ಚಿಕ್ಕೋಳಾದ್ರೆ ಸರಿ ಅಂತ ಮಂಗಳಂಗೆ ಕೊಟ್ಟೆ. ಅದು ಮುಪ್ಪಾದ ಚುಕ್ಕಿ. ಊದಿಕೊಂಡಿದೆ, ಅದಕ್ಕೇ ಅಷ್ಟು ದೊಡ್ಡದಾಗಿ ಕಾಣೋದು. ನನ್ನ ಕಾಲದಲ್ಲೂ, ನೀನು ಬರೋಕೆ ಮುಂಚೆ, ಎರಡು ಸಲ ಮಂಕಾಯ್ತು. ಊರೋರ ಬಾಯಿಗೆ ಬಿದ್ದೆ, ಅತ್ತೇನೂ ಅಂದ್ರು, ನಿನ್ನ ಮಾವನೂ ಅಂದ್ರು. ಊದಿಕೊಂಡದ್ದು ಒಡೀದೆ ಇರುತ್ತಾ? ಒಂದು ದಿನ ಒಡೆಯುತ್ತೆ. ಆವತ್ತು ಹಗಲಲ್ಲೂ ಕಾಣುತ್ತಂತೆ. ಆಮೇಲೆ ಇರಲ್ಲ. ಅದನ್ನ ನಿನಗೆ ಕೊಡ್ಲಾ?"

ನಾನು ಕೈಯಲ್ಲಿದ್ದ ಬಳೆಯನ್ನು ತಿರುಗಿಸಿದೆ.

"ಕಾಲುಂಗುರ ನನ್ನ ಕೂಸಿಗೆ ಅಂತ ಇಟ್ಟಿದ್ದು. ಮೂವತ್ತೆಂಟು ವರ್ಷ ಪೆಟ್ಟಿಗೇಲಿತ್ತು. ಮಗಳಿಗಲ್ಲದೆ ಕೊಡಬಾರದು ಅಂತ ಇದೆ ಅಲ್ವಾ, ಅದಕ್ಕೇ ನಿನಗೆ ಕೊಟ್ಟೆ." ಅವರು ಎದ್ದು ಸೆರಗು ಕೊಡವಿಕೊಂಡರು. "ನಿನ್ನಿಂದ ಚಂಪಾಗೆ ಹೋಗಬೇಕಿತ್ತು ಅದು."

ಅವರು ಒಳಗೆ ಹೋದ ಮೇಲೆ ನಾನು ಅದೇ ಕಲ್ಲಿನ ಮೇಲೆ ಕೂತೆ. ಕೂಸು ಉಳಿಯದ ಕಾರಣ ಕೆಂಪು ಚುಕ್ಕಿ ಎಂದು ನಾನು ಕಟ್ಟಿದ ಮಾತನ್ನು ಅವರು ಕೇಳಿರಲಿಲ್ಲ. ಮಂಗಳ ಆ ಅರ್ಧವನ್ನು ನುಂಗಿಕೊಂಡಿದ್ದಳು. ಇವತ್ತಿನವರೆಗೂ ನುಂಗಿಕೊಂಡಿದ್ದಾಳೆ.

ಆಷಾಢದಲ್ಲಿ ಮಂಗಳನಿಗೆ ಹೆಣ್ಣು ಮಗುವಾಯಿತು. ಬಸಿರು ಉಳಿದದ್ದು ಬಳೆ ಬದಲಾಯಿಸಿಕೊಂಡದ್ದರಿಂದಲೇ ಎಂದು ಅವಳು ಈಗಲೂ ನಂಬುತ್ತಾಳೆ, ನನ್ನ ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತಾಳೆ. ಆ ಮಗು ದೊಡ್ಡದಾದ ಮೇಲೆ ಕಾಲುಂಗುರ ಅದಕ್ಕೆ ಹೋಗುತ್ತದೆ. ಮುಂದಿನ ಚಳಿಗಾಲಕ್ಕೆ ಆರಿದ್ರೆ ಮತ್ತೆ ಮೊದಲಿನಂತೆ ಉರಿಯಿತು. ಬೂದಿ ಜಾಡಿಸಿಕೊಂಡು ಎದ್ದ ಹಾಗೆ, ಮೊದಲಿಗಿಂತ ಕೆಂಪಾಗಿ. ನನ್ನ ಮೊಸರು ಮತ್ತೆ ಕೊಯ್ಯುವ ಹದಕ್ಕೆ ಬಂತು. ಜನ ಬಟ್ಟಲು ಹಿಡಿದು ಬಂದರು. ಚೆನ್ನಾಜಮ್ಮನವರ ನಂತರ ದೇವೀರಮ್ಮನ ಕೈಗುಣವೇ ಕೈಗುಣ ಎಂದು ಸಿದ್ದಕ್ಕನೇ ಬಾವಿಕಟ್ಟೆಯಲ್ಲಿ ಹೇಳಿದಳು. ಈಗ ಐದು ವರ್ಷವಾಯಿತು. ಎಲ್ಲ ಮದುವೆಯಲ್ಲೂ ಮೊದಲ ಮೊಸರು ನನ್ನದೇ, ಎಲ್ಲ ಚಪ್ಪರದಲ್ಲೂ ಜನ ನನಗೆ ಸರಿದು ಜಾಗ ಕೊಡುತ್ತಾರೆ. ಬಯಸಿದ್ದರಲ್ಲಿ ಒಂದೂ ತಪ್ಪಲಿಲ್ಲ.

ಸಂಜೆ ಮಾಳಿಗೆಯ ಮೇಲೆ ಎರಡು ಗಡಿಗೆಗಳನ್ನು ಪಕ್ಕಪಕ್ಕ ಇಡುತ್ತೇವೆ. ನಾನು ನನ್ನ ಚುಕ್ಕಿಯನ್ನು ಒಡೆದಿದೆಯೋ ಎಂದು ಒಮ್ಮೆ ನೋಡುತ್ತೇನೆ, ಆಮೇಲೆ ಕಣ್ಣು ತಾನಾಗಿ ಕೆಳಗೆ ಕಾಲಿನ ಕಡೆ ಹೋಗುತ್ತದೆ. ಮಂಗಳನ ಮಗಳು ಬಳೆಗೆ ಕಣ್ಣಿಟ್ಟು, ದೊಡ್ಡಮ್ಮ ನಂದು ನೋಡು ಎಂದು ಕೂಗುತ್ತಾಳೆ. ಐದು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನೀವು ನೋಡಿಲ್ಲದಿದ್ದರೆ ನನ್ನನ್ನು ನೋಡಬಹುದು.

ಅತ್ತೆ ಈಗ ಪಂಡಿತರ ಮಾತು ಕೇಳುವುದನ್ನು ಬಿಟ್ಟಿದ್ದಾರೆ. ಕೆಮ್ಮಿದರೆ ಕೆಮ್ಮುತ್ತೇನೆ ಎನ್ನುತ್ತಾರೆ. ರಾತ್ರಿ ಊಟದ ಕೊನೆಗೆ ನಾನು ಆರಿದ್ರೆಯ ಮೊಸರನ್ನು ತೆಗೆದುಕೊಂಡು ಅವರ ತಟ್ಟೆಯ ಮುಂದೆ ಹೋಗುತ್ತೇನೆ. ಅವರು ಶಾಸ್ತ್ರಕ್ಕೆ ಒಂದು ಚೂರು ಹಾಕಿಸಿಕೊಂಡು, ತಟ್ಟೆಗೆ ಕೈ ಅಡ್ಡ ಹಿಡಿದು, ಸಿಟ್ಟಿಲ್ಲದೆ, ಎಂದಿನ ಮಾತು ಹೇಳುತ್ತಾರೆ. "ಸಾಕು ಮಗಳೇ. ನಮ್ಮವ್ವನ ಮನೇದು ಒಂಚೂರು ಹಾಕು." ನಾನು ಎದ್ದು ಹೋಗಿ ಮಂಗಳನ ಗಡಿಗೆಯಿಂದ ತಂದು ಬಡಿಸುತ್ತೇನೆ.